ಎಂಟರ್ ಒತ್ತುವ ಮೊದಲು

ಕೆಳಗಿನ ಮನೆಯಲ್ಲಿ ಕಸೂತಿ ಯಂತ್ರ ಟಕಟಕ ಎನ್ನಲು ಶುರುವಾದರೆ ಮಹಡಿಯ ಮೇಜಿನ ಮೇಲೆ ಡಬ್ಬಿಯೊಳಗಿನ ಸ್ಕ್ರೂಗಳು ಸಣ್ಣಗೆ ನಡುಗುತ್ತವೆ. ಆ ಮೇಜಿನ ಒಡತಿಯನ್ನು ಬೀದಿಯವರು ಸ್ಕ್ರೂ ಅಕ್ಕ ಎಂದೇ ಕರೆಯುತ್ತಾರೆ. ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿ ಇನ್ನಷ್ಟು ಕಾಲ ಓಡುವಂತೆ ಮಾಡುವುದು ಅವಳ ಕಸುಬು. ಕೆಳಗಿನ ಯಂತ್ರ ಅವಳ ಅತ್ತಿಗೆಯದು.

ಆ ಯಂತ್ರಕ್ಕೆ ವಿನ್ಯಾಸ ಕಳಿಸುವ ಕಂಪ್ಯೂಟರಿಗೆ ವಯಸ್ಸಾಗಿತ್ತು. ಕಸೂತಿಯ ಪ್ರೋಗ್ರಾಮ್ ಅದರ ಹಳೇ ಸಿಸ್ಟಮ್ಮಿನಲ್ಲಿ ಮಾತ್ರ ನಡೆಯುತ್ತಿತ್ತು. ಆ ಪ್ರೋಗ್ರಾಮ್ ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಆದರೆ ಗಿರಾಕಿಗಳು ಈಗ ಕಳಿಸುವ ಚಿತ್ರಗಳನ್ನು ತೆರೆಯಲು ಆ ಸಿಸ್ಟಮ್ಮಿಗೆ ಆಗುತ್ತಿರಲಿಲ್ಲ.

"ಪಕ್ಕದಲ್ಲೇ ಲಿನಕ್ಸ್ ಹಾಕ್ಕೊಡ್ತೀನಿ ಅತ್ತಿಗೆ. ಎರಡೂ ಇರುತ್ತೆ."

"ನಮ್ಮ ಬೀದಿ ಟೈಲರಿಗೂ ಹೀಗೇ ಹೇಳಿದ್ದೆ ನೀನು. ಪಾಪ, ಹಳೇದು ಏಳದೆ ಕೈಕಟ್ಕೊಂಡು ಕೂತಿದ್ದ."

"ಕೊನೆಗೆ ಸರಿಹೋಯ್ತಲ್ಲ."

"ನನ್ನ ಯಂತ್ರ ನಿಂತ್ರೆ ಶಾಲೆ ಬ್ಯಾಡ್ಜೆಲ್ಲ ನಿನ್ನ ಕೈಲೇ ಹೊಲಿಸ್ತೀನಿ, ನೋಡ್ಕೋ."

ಸ್ಕ್ರೂ ಅಕ್ಕ ನಕ್ಕಳು, ಆದರೆ ಮಾತು ನಾಟಿತು. ಲಿನಕ್ಸ್ ಹಾಕಲು ಅವಳೇ ಬರೆದುಕೊಂಡಿದ್ದ ಪ್ರೋಗ್ರಾಮಿನ ಕೊನೆಯ ಕೆಲಸ ಬೂಟ್‌ಲೋಡರ್ ಕೂರಿಸುವುದು. ಕಂಪ್ಯೂಟರ್ ಆನ್ ಆದೊಡನೆ ಯಾವ ಸಿಸ್ಟಮ್ಮನ್ನು ಎಬ್ಬಿಸಬೇಕೆಂದು ತೀರ್ಮಾನಿಸುವ ಕಾವಲುಗಾರ ಅದು. ಹೊಸಬನನ್ನು ಕೂರಿಸಿದರೆ ಹಳಬ ಎದ್ದು ಹೋಗಬೇಕು. ಹೊಸಬನಿಗೆ ಹಳೇ ಸಿಸ್ಟಮ್ಮಿನ ಗುರುತು ಹತ್ತಲಿಲ್ಲವೋ, ಅದು ಡಿಸ್ಕಿನಲ್ಲಿದ್ದರೂ ಎಬ್ಬಿಸುವವರಿಲ್ಲ. ಟೈಲರನಿಗೆ ಆದದ್ದು ಅದೇ.

ಅವಳು ಪ್ರೋಗ್ರಾಮಿನಲ್ಲಿ ಒಂದು ಪ್ರಶ್ನೆ ಸೇರಿಸಿದಳು: ಬೂಟ್‌ಲೋಡರ್ ಹಾಕಲೇ?

ಅಣ್ಣ ಹಿಂದಿನಿಂದ ಇಣುಕಿದ. "ಮನೆ ಕಟ್ಟಿ ಬಾಗಿಲು ಬೇಕಾ ಅಂತ ಕೇಳೋಳು ನೀನೊಬ್ಬಳೇ."

"ಅತ್ತಿಗೆ ಮನೆಗೆ ಬಾಗಿಲು ಆಗ್ಲೇ ಇದೆಯಣ್ಣ. ಕಿತ್ತು ನಂದು ಇಡೋಕೆ ನಾನ್ಯಾರು?"

ಮೊದಲು ಮೂಲೆಯಲ್ಲಿದ್ದ ಗುಜರಿ ಕಂಪ್ಯೂಟರಿನ ಮೇಲೆ ನಡೆಸಿ ನೋಡಿದಳು. ಪ್ರಶ್ನೆಗಳು ಒಂದೊಂದಾಗಿ ಬಂದವು. ಭಾಷೆ, ಎಂಟರ್. ಕೀಲಿಮಣೆ, ಎಂಟರ್. ಡಿಸ್ಕು, ಎಂಟರ್. ತಾನೇ ಬರೆದ ಹೊಸ ಪ್ರಶ್ನೆ ಪರದೆಗೆ ಬರುವಷ್ಟರಲ್ಲಿ ಬೆರಳು ಎಂಟರ್ ಒತ್ತಿಯೂ ಆಗಿತ್ತು. ಬರಿ ಎಂಟರ್ ಎಂದರೆ ಹೌದು ಎಂದೇ ಅವಳು ಬರೆದಿದ್ದದ್ದು. ಹಳಬ ಹೋದ.

ಕೇಳಿದ ಶಾಸ್ತ್ರ ಮಾಡಿ, ಉತ್ತರವನ್ನು ತಾನೇ ಬಾಯಿಗೆ ತುರುಕಿದಂತಾಗಿತ್ತು. ತನ್ನ ಬೆರಳೇ ತನ್ನ ಮಾತು ಕೇಳದಿದ್ದ ಮೇಲೆ ಬೇರೆಯವರ ಬೆರಳನ್ನು ನಂಬುವುದೆಂತು? ಆ ಸಾಲನ್ನು ಅಳಿಸಿ ಬರೆದಳು. ಈಗ ಬರಿ ಎಂಟರ್ ಎಂದರೆ ಬೇಡ. ಬೇಕಿದ್ದವರು 'ಹೌದು' ಎಂದು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಕೆಳಗಿಳಿದು ಅತ್ತಿಗೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದಳು. ಆ ಪ್ರಶ್ನೆಗೆ ಬೇಡ ಎಂದಳು. ಮತ್ತೆ ಆನ್ ಮಾಡುವಾಗ ಅತ್ತಿಗೆ ಸೆರಗಿನ ತುದಿ ಹಿಡಿದು ನಿಂತಿದ್ದರು. ಹಳೇ ಪರದೆಯೇ ಬಂತು. ವಿನ್ಯಾಸ ಯಂತ್ರಕ್ಕೆ ಹೋಯಿತು, ಸೂಜಿ ಇಳಿಯಿತು, ಬಟ್ಟೆಯ ಮೇಲೆ ಮೊದಲ ಹೊಲಿಗೆ ಬಿತ್ತು. ಅತ್ತಿಗೆ ಸೆರಗು ಬಿಟ್ಟರು.

"ಹೊಸದೆಲ್ಲಿ ಮತ್ತೆ?"

"ಒಳಗೇ ಇದೆ. ಈ ಪೆನ್‌ಡ್ರೈವ್ ಹಾಕಿ ಆನ್ ಮಾಡಿದ್ರೆ ಅದು ಏಳುತ್ತೆ, ಅದನ್ನ ಎಬ್ಬಿಸೋ ಬೂಟ್‌ಲೋಡರ್ ಇದರಲ್ಲೇ ಇದೆ. ಇಲ್ದಿದ್ರೆ ನಿಮ್ಮ ಹಳೇದೇ."

"ಈಗಲೇ ನೋಡ್ಬೇಕಾ?"

"ಬೇಡ ಅಂದ್ರೆ ಬೇಡ."

ಅತ್ತಿಗೆ ಪೆನ್‌ಡ್ರೈವನ್ನು ದಾರದುಂಡೆಗಳ ಡ್ರಾಯರಿಗೆ ಹಾಕಿ ಮುಚ್ಚಿಯೇಬಿಟ್ಟರು. ಒಮ್ಮೆಯಾದರೂ ನೋಡಬಾರದೇ ಎಂಬ ಮಾತು ಅವಳ ಗಂಟಲವರೆಗೆ ಬಂತು. ನುಂಗಿಕೊಂಡಳು. ಕೇಳಿದ ಮೇಲೆ ಬೇಡ ಎನ್ನುವುದನ್ನೂ ಉತ್ತರವೆಂದೇ ಒಪ್ಪಬೇಕು.

"ಮುನಿಸ್ಕೊಂಡ್ಯೇನೆ? ಬ್ಯಾಡ್ಜ್ ಮುಗೀಲಿ, ಕೂತು ನೋಡ್ತೀನಿ."

"ಮುನಿಸೇನು ಬಂತು. ನಿಮಗೆ ಬೇಕಾದಾಗ." ಅವಳು ಮೆಟ್ಟಿಲು ಹತ್ತತೊಡಗಿದಳು, ಹಿಂದಿರುಗಿ ನೋಡದೆ ಹೇಳುತ್ತಲೇ ಇದ್ದಳು. "ಮೊದಲು ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಆಮೇಲೆ ಬಲಗಡೆ ತೂತಿಗೇ ಹಾಕಿ, ಎಡಗಡೆದಕ್ಕಲ್ಲ, ಎಡಗಡೆದನ್ನ ನಾನೇ ಒಂದ್ಸಲ ಕೆಡಿಸಿಟ್ಟಿದ್ದೀನಿ."