ಗುಡ್ಡದ ಕಾಲೇಜಿನ ಮೇಲೊಂದು ಗುಮಾನಿ

ಮಗಳು ಮೇಘನಾ ತಂದಿಟ್ಟ ಕಾಲೇಜಿನ ಪರಿಚಯ ಪುಸ್ತಿಕೆಯನ್ನು ನಾನು ಮೊದಲು ಓದಲಿಲ್ಲ, ಬೆಳಕಿಗೆ ಹಿಡಿದು ನೋಡಿದೆ. ಕುಮಟೆಯ ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಿದ್ದಿದ ಅಕ್ಷರ, ಮಸುಕಾದ ಮೊಹರು ಹುಡುಕುತ್ತ ಕೂತವನಿಗೆ ಕಾಗದ ಕಂಡರೆ ಕೈ ತಾನಾಗಿ ಕಿಟಕಿಯ ಕಡೆ ಏಳುತ್ತದೆ. ನೀವು ನಗಬಹುದು, ಮನೆಯವರೂ ನಗುತ್ತಾರೆ. ಎರಡನೆಯ ಪುಟದಲ್ಲಿ, ಶಿಲುಬೆಯ ಚಿತ್ರದ ಕೆಳಗೆ, ‘ಇಡೀ ಮನುಷ್ಯನನ್ನು ರೂಪಿಸುವುದೇ ನಮ್ಮ ಧ್ಯೇಯ’ ಎಂದಿತ್ತು. ರೂಪಾಂತರಕ್ಕೂ ಮತಾಂತರಕ್ಕೂ ಎರಡೇ ಅಕ್ಷರಗಳ ಅಂತರ ಎಂದು ನನ್ನೊಳಗಿನ ಗುಮಾಸ್ತ ಅಲ್ಲಿಯೇ ಷರಾ ಬರೆದ.

ಹೊನ್ನಾವರದ ಹತ್ತಿರ, ಕಾಸರಕೋಡಿನ ದೋಣಿಗಳು ಕಾಣುವ ಗುಡ್ಡದ ಮೇಲಿರುವ ಆ ಕಾಲೇಜನ್ನು ಪಾದ್ರಿಗಳು ನಡೆಸುತ್ತಾರೆ. ಅಲ್ಲಿ ಕಲಿಸುವುದು ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ. ಹೊಟ್ಟೆಪಾಡಿಗೆ ನೇರ ದಾರಿ ತೋರಿಸದ ಇಂಥ ವಿಷಯಗಳನ್ನು ಅಷ್ಟು ಅಕ್ಕರೆಯಿಂದ ಕಲಿಸುವವರ ಮನಸ್ಸಿನಲ್ಲಿ ಬೇರೆ ಏನೋ ಇರಲೇಬೇಕು ಎಂಬುದು ನನ್ನ ತರ್ಕ. ಮೇಘನಾ ಹಟ ಹಿಡಿದು ಸೇರಿದಳು. ನಾನು ಅವಳ ಕೊರಳನ್ನು, ಪುಸ್ತಕಗಳ ನಡುವಿನ ಚೀಟಿಗಳನ್ನು, ಊಟಕ್ಕೆ ಮುಂಚೆ ಅವಳ ತುಟಿ ಅಲುಗುತ್ತದೆಯೇ ಎಂಬುದನ್ನು ಗಮನಿಸತೊಡಗಿದೆ. ಏನೂ ಸಿಗಲಿಲ್ಲ, ಸಿಗದಿದ್ದುದರಿಂದಲೇ ಅನುಮಾನ ದಪ್ಪವಾಯಿತು.

ವಾರಕ್ಕೊಂದು ‘ಮೌಲ್ಯಶಿಕ್ಷಣ’ದ ತರಗತಿ ಇದೆ ಎಂದು ಕೇಳಿದ ಮೇಲೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಹೋಗಿ ಪ್ರಾಂಶುಪಾಲರ ಎದುರು ಕೂತೆ. ವಯಸ್ಸಾದ ಫಾದರ್, ಕೊಂಕಣಿ ಮನೆಮಾತಿನವರು.

“ಎಂತ ಕಲಿಸ್ತೀರಿ ಆ ಕ್ಲಾಸಿನಲ್ಲಿ?” ಎಂದು ನೇರವಾಗಿ ಕೇಳಿದೆ.

“ಬನ್ನಿ ನಾಯ್ಕರೇ, ನಾನು ಹೇಳುವುದಕ್ಕಿಂತ ನೀವೇ ಕೂತು ಕೇಳಿ” ಎಂದು ಎದ್ದರು.

ಹಿಂದಿನ ಬೆಂಚಿನಲ್ಲಿ ನನ್ನನ್ನು ಕಂಡ ಮೇಘನಾ ಮುಖ ಮುಚ್ಚಿಕೊಂಡಳು. ಅಂದಿನ ವಿಷಯ, ಕಾಲೇಜಿನ ಪರಂಪರೆ. ಈಗ ಬಂತು ನೋಡು ಎಂದು ನಾನು ನೆಟ್ಟಗಾದೆ. ಫಾದರ್ ಎರಡು ಮಾತು ಆಡುವುದರೊಳಗೆ ಭಟ್ಕಳದಿಂದ ಬರುವ ಸಮೀರಾ ಎಂಬ ಹುಡುಗಿ ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು.

“ಸಿಟ್ಟು ಮಾಡ್ಬೇಡಿ ಫಾದರ್. ಇದನ್ನು ಕಟ್ಟಿದವರು ನಮ್ಮಂಥವರ ಧರ್ಮ ಬದಲಿಸಲಿಕ್ಕೇ ಬಂದಿದ್ರಾ?”

ತಿಂಗಳಿಂದ ನಾನು ಹೊತ್ತು ತಿರುಗುತ್ತಿದ್ದ ಪ್ರಶ್ನೆಯನ್ನು ಅವಳು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದಳು. ಫಾದರ್ ಕನ್ನಡಕ ತೆಗೆದರು.

“ಆ ಆಸೆ ಅವರಿಗೆ ಇತ್ತು. ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಅವರ ಪತ್ರಗಳು ನಮ್ಮ ಲೈಬ್ರರಿಯಲ್ಲೇ ಇವೆ, ಓದಿ. ಮೀನುಗಾರರ ಹೆಣ್ಣುಮಕ್ಕಳು ಅಕ್ಷರ ಕಲಿಯಬೇಕು ಅಂತ ಮನೆಮನೆಗೆ ನಡೆದವರೂ ಅವರೇ, ಆ ಮನೆಗಳ ದೇವರನ್ನು ಹೀಗಳೆದು ಬರೆದವರೂ ಅವರೇ. ಎರಡೂ ನಮಗೆ ಬಂದ ಪರಂಪರೆ. ಯಾವುದನ್ನು ಮುಂದುವರಿಸಬೇಕು, ಯಾವುದಕ್ಕೆ ಕ್ಷಮೆ ಕೇಳಬೇಕು ಅಂತ ಮುಂದಿನ ವಾರ ಬರೆದು ತನ್ನಿ.”

ಬಸ್ಸಿನಲ್ಲಿ ಮರಳುವಾಗ, ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ಇನ್ನೂ ಜಾಣ ಉಪಾಯವಿರಬಹುದೇ ಎಂದು ಯೋಚಿಸಿದೆ. ಸುಳ್ಳು ಹೇಳಿದರೆ ಸುಳ್ಳನ್ನೂ, ನಿಜ ಹೇಳಿದರೆ ನಿಜವನ್ನೂ ತಿಂದು ಬೆಳೆಯುವ ಈ ಅನುಮಾನಕ್ಕೆ ಉಪವಾಸವೆಂಬುದೇ ಇಲ್ಲ. ಆದರೂ ಒಂದು ಮಾತು ಚುಚ್ಚುತ್ತಿತ್ತು: ನಮ್ಮ ಮನೆಯಲ್ಲಿ ಹಿರಿಯರ ಬಗ್ಗೆ ಇಂಥದೊಂದು ಪ್ರಶ್ನೆ ಕೇಳಲು ನಾನು ಯಾರನ್ನಾದರೂ ಬಿಟ್ಟಿದ್ದೆನೇ?

ಕೆಲವು ವಾರ ಕಳೆದು ಒಂದು ಭಾನುವಾರ ಸಮೀರಾ ನಮ್ಮ ಮನೆಗೆ ಬಂದಳು. ಹೆಂಡತಿ ಊರಲ್ಲಿರಲಿಲ್ಲ, ಚಹಾ ನಾನೇ ಮಾಡಿದೆ. ಇಬ್ಬರೂ ಆ ಪತ್ರಗಳ ಬಗ್ಗೆ ವಾದ ಮಾಡುತ್ತ ಕುಡಿದರು. ಗೆಳತಿಯನ್ನು ಬಸ್ಸಿಗೆ ಬಿಟ್ಟು ಬಂದ ಮೇಘನಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಪ್ಪಾ, ನಂಗೆ ಸ್ಟೀಲ್ ಲೋಟ, ಅವಳಿಗೆ ಪೇಪರ್ ಕಪ್ಪು. ಎಂತಕ್ಕೆ?”

“ತೊಳೆಯುವುದು ತಪ್ತದಲ್ಲ ಮಗಾ.”

“ಒಂದೇ ಕಪ್ಪು ತೊಳೆಯುವುದು ತಪ್ಪಿತು.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ತರಗತಿಯಲ್ಲಿ ಕೇಳುವ ಹಾಗೆ ಕೇಳಿದ್ದಳು, ಉತ್ತರಕ್ಕೆ ಕಾದಳು. ಇನ್ನೊಂದು ನೆಪ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಕನ್ನಡಕ ತೆಗೆದ ಆ ಮುದುಕರ ಮುಖ ನೆನಪಾಯಿತು.

“ಬೇರೆ ಇಡಬೇಕು ಅಂತಲೇ ಕೊಟ್ಟದ್ದು” ಎಂದೆ. “ನನ್ನ ಅಬ್ಬೆ ಹಾಗೆ ಮಾಡ್ತಿದ್ದಳು. ನಾನೂ ಮಾಡಿದೆ. ತಪ್ಪು.”

ಮೇಘನಾ ಆ ಪೇಪರ್ ಕಪ್ಪನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. “ಆತು. ಮುಂದಿನ ಭಾನುವಾರ ಅವಳ ಮನೆಗೆ ಹೋಗುವ. ನೀವೂ ಬನ್ನಿ.”

ಭಟ್ಕಳದ ಆ ಮನೆಯ ಜಗುಲಿಯಲ್ಲಿ ಸಮೀರಾಳ ತಂದೆ, ಬಟ್ಟೆ ಅಂಗಡಿಯವರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿದ್ದ ರೀತಿಯೇ. ಒಂದೇ ಜೊತೆಯ ಪಿಂಗಾಣಿ ಕಪ್ಪುಗಳಲ್ಲಿ ಇಬ್ಬರಿಗೂ ಚಹಾ ಬಂತು. ಅವರು ನಾನು ಕುಡಿಯುತ್ತೇನೆಯೇ ಎಂದು ಓರೆಗಣ್ಣಿನಲ್ಲಿ ನೋಡಿದರು, ಕುಡಿದೆ. ಹುಡುಗಿಯರು ಒಳಗೆ ಹೋದ ಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

“ನಿಜ ಹೇಳಿ ಸಾಹೇಬ್ರೆ. ಮಗಳನ್ನು ಆ ಪಾದ್ರಿಗಳ ಕಾಲೇಜಿಗೆ ಕಳಿಸುವಾಗ ನಿಮಗೆ ಹೆದರಿಕೆ ಆಗಲಿಲ್ವಾ?”

“ಆಗಿತ್ತು. ಈಗಲೂ ಸ್ವಲ್ಪ ಇದೆ.”

“ನನಗೂ” ಎಂದು ಅವರು ಉಸಿರು ಬಿಟ್ಟರು. “ಪುಸ್ತಕ ಎಲ್ಲ ತಪಾಸಣೆ ಮಾಡ್ತಿದ್ದೆ.”

“ಚೀಟಿಗಳನ್ನೂ?”

“ಚೀಟಿಗಳನ್ನೂ.”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವರ ಕಣ್ಣಲ್ಲಿ ನೀರು ಬರುವಷ್ಟು. ಸದ್ದು ಕೇಳಿ ಹುಡುಗಿಯರು ಓಡಿ ಬಂದು, ಬಾಗಿಲಲ್ಲಿ ನಿಂತು, ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದರು.