ಅವ್ವನ ಭಜನೆಗೆ ಸ್ವಂತ ಚಾಲ

ನಮ್ಮವ್ವನ ಭಜನಾ ವಹಿಯಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೂ ‘ಚಾಲ’ ಎಂದು ಬರೆದಿರುತ್ತದೆ. ವಹಿ ಎಂದರೆ ನೋಟುಬುಕ್ಕು, ಚಾಲ ಎಂದರೆ ಧಾಟಿ. ಅದರ ಮುಂದೆ ಯಾವುದಾದರೊಂದು ಹಿಂದಿ ಸಿನಿಮಾ ಹಾಡಿನ ಮೊದಲ ಸಾಲು. ಸೊಲ್ಲಾಪುರದ ಕಡೆಯ ಭಜನಾ ಮಂಡಳಿಗಳ ರೂಢಿಯೇ ಇದು. ದೇವರ ಪದ ತಾವು ಕಟ್ಟುತ್ತಾರೆ, ಧಾಟಿ ಮಾತ್ರ ಸಿನಿಮಾದ್ದು. ವಹಿಯಲ್ಲಿ ದತ್ತನನ್ನು ತೊಟ್ಟಿಲಿಗೆ ಹಾಕುವ ಒಂದು ಹಾಡಿದೆ. ಅದರ ಮೂಲದಲ್ಲಿ ನಾಯಕಿ ಕೈಯಲ್ಲಿ ಗ್ಲಾಸು ಹಿಡಿದು ಮೇಜಿನ ಮೇಲೆ ಕುಣಿಯುತ್ತಾಳೆ. ಹೇಳಿದರೆ ಅವ್ವ, “ದತ್ತ ಎಲ್ಲಿ ಸಿನಿಮಾ ನೋಡ್ಯಾನ, ಸುಮ್ನಿರು” ಎನ್ನುತ್ತಾಳೆ.

ನಾನು ಚಾದರದ ಅಂಗಡಿಯವನು. ಕೈಯಲ್ಲಿ ಚಾದರ, ಕಿವಿಯಲ್ಲಿ ಸದಾ ಬ್ರಿಟಿಷ್ ಪಾಪ್ ಹಾಡು. ಹಾಡಿದವರನ್ನು ಜಗತ್ತೇ ಬಲ್ಲದು. ಆದರೆ ಯಾವ ಹಾಡಿಗೆ ಮಾತು ಬರೆದವರು ಯಾರು, ಧಾಟಿ ಹಾಕಿದವರು ಯಾರು ಎಂದು ಬಾಯಿಪಾಠ ಒಪ್ಪಿಸುವವನು ಇಡೀ ಪೇಟೆಯಲ್ಲಿ ನಾನೊಬ್ಬನೇ ಎಂಬ ಜಂಬ ನನಗೆ. ಕೇಳುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಹಿಂದಿ ಹಾಡೆಂದರೆ ಮೂಗು ಮುರಿಯುತ್ತಿದ್ದೆ. ಅದೆಲ್ಲ ಕದ್ದ ಮಾಲು, ಬರೆದವರಿಗೆ ಮಾಡಿದ ದ್ರೋಹ ಎಂದು ಊಟಕ್ಕೆ ಕೂತಾಗಲೆಲ್ಲ ಭಾಷಣ ಬಿಗಿಯುತ್ತಿದ್ದೆ.

ಹೋದ ವರ್ಷ ಅಕ್ಕಲಕೋಟದಲ್ಲಿ ಹೆಂಗಸರ ಭಜನಾ ಸ್ಪರ್ಧೆ ಇತ್ತು. ಅವ್ವ ಹೊಸ ಪದ ಕಟ್ಟಿದ್ದಳು. ಒಂದು ಬೆಳಿಗ್ಗೆ ವಹಿ ಹಿಡಿದು ನನ್ನ ಪಕ್ಕ ಬಂದು ಕೂತಳು.

“ಇಪ್ಪತ್ತು ವರ್ಷ ಆತು, ಮಂದಿ ಚಾಲಿನ್ಯಾಗ ಹಾಡಾಕತ್ತೀನಿ. ಒಂದರೆ ಹಾಡು ಪೂರಾ ನಮ್ದ ಅನ್ನೂವಂಥಾದ್ದು ಬೇಕೋ ತಮ್ಮಾ. ನೀ ಅಷ್ಟೆಲ್ಲಾ ಕೇಳ್ತಿ, ಒಂದು ಚಾಲ ಕಟ್ಟಿಕೊಡು.”

ಅವ್ವ ನನ್ನನ್ನು ಏನನ್ನಾದರೂ ಕೇಳುವುದೇ ಅಪರೂಪ. ಒಂದು ವಾರ ತಿಣುಕಿದೆ. ನನ್ನ ತಲೆಯಿಂದ ಹೊರಟದ್ದೆಲ್ಲ ಪೆಟ್ರೋಲು ತೀರಿದ ಸ್ಕೂಟರಿನಂತೆ ಎರಡನೆಯ ಸಾಲಿಗೇ ನಿಂತುಬಿಡುತ್ತಿತ್ತು. ಕೊನೆಗೆ ಒಂದು ಹಳೆಯ ಬ್ರಿಟಿಷ್ ಹಾಡಿನ ಧಾಟಿ ಎತ್ತಿ, ಕೊಂಚ ನಿಧಾನ ಮಾಡಿ, ಅವ್ವನ ಪದಕ್ಕೆ ಹೊಂದಿಸಿದೆ. ಭಜನೆಗೆ ಬರುವ ಹೆಂಗಸರು ಇಂಗ್ಲಿಷ್ ಹಾಡು ಎಲ್ಲಿ ಕೇಳಿರುತ್ತಾರೆ ಎಂಬ ಧೈರ್ಯ. ಕೇಳಿ ಅವ್ವನ ಕಣ್ಣು ತುಂಬಿತು. ವಹಿಯಲ್ಲಿ ‘ಚಾಲ: ಸ್ವಂತ’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದಳು. ವಳಸಂಗದ ಅತ್ತೆಯಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ, “ನನ್ನ ಮಗಾ ಚಾಲ ಕಟ್ಟ್ಯಾನ್ರಿ” ಎಂದು ಸಾರಿದಳು. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಸ್ಪರ್ಧೆಯ ದಿನ ಅವ್ವ ಮೈಕಿನಲ್ಲೂ ಅದನ್ನೇ ಹೇಳಿ ತಾಳ ಎತ್ತಿಕೊಂಡಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಸಭೆಯ ಹೆಂಗಸರು ತಲೆದೂಗತೊಡಗಿದರು. ಎರಡನೆಯ ಸಾಲಿಗೆ ಚಪ್ಪಾಳೆ. ಮೂರನೆಯ ಸಾಲನ್ನು ನಮ್ಮ ಮಂಡಳಿಗಿಂತ ಮೊದಲೇ ಸಭೆ ಗುನುಗಿತು. ಅವ್ವ ಹಿಗ್ಗಿಹೋದಳು. ಮಗನ ಚಾಲ ಎಷ್ಟು ಸಲೀಸೆಂದರೆ, ಕೇಳುವ ಮೊದಲೇ ಮಂದಿಗೆ ಬರುತ್ತದೆ! ನಾನು ಮಾತ್ರ ಒಂದು ಸಾಲು ಹಿಂದೆ ಸರಿದು ಕೂತೆ.

ಪರೀಕ್ಷಕರು ನಿವೃತ್ತ ಗಣಿತದ ಮಾಸ್ತರರು. ಹಾಡು ಮುಗಿದ ಮೇಲೆ ಕನ್ನಡಕ ತೆಗೆದು, “ಅಕ್ಕಾರ, ಪದ ಛಲೋ ಅದ. ಆದ್ರ ಚಾಲ ಸಿನಿಮಾದ್ದ ಅಲ್ಲೇನ್ರಿ?” ಎಂದು ಕೇಳಿ, ಹಳೆಯ ಹಿಂದಿ ಹಾಡೊಂದನ್ನು ಗುನುಗಿದರು. ಥೇಟ್ ಅದೇ ಧಾಟಿ. ನನಗಿಂತ ಎಷ್ಟೋ ಮೊದಲು ಯಾರೋ ಸಿನಿಮಾದವರು ಅದೇ ಬ್ರಿಟಿಷ್ ಹಾಡಿಗೆ ಕನ್ನ ಹಾಕಿದ್ದರು. ಹಿಂದಿಗೆ ಮೂಗು ಮುರಿದವನಿಗೆ ಅದು ಗೊತ್ತಾಗುವುದಾದರೂ ಹೇಗೆ?

“ಇಲ್ರಿ ಸರ್, ನನ್ನ ಮಗಾ ಸುಳ್ಳ ಹೇಳೂದಿಲ್ರಿ” ಎಂದಳು ಅವ್ವ, ನನ್ನ ಕಡೆ ನೋಡುತ್ತ.

ನನ್ನ ತಲೆ ಕೆಟ್ಟಿತು. ಎದ್ದು ನಿಂತು ಕೂಗಿದೆ: “ಇದು ಸಿನಿಮಾದವ್ರದಲ್ರಿ ಸರ್! ಅವ್ರ ಕದ್ದಾರ! ಮೊದಲ ಬ್ರಿಟನ್‌ದಾಗ ಬಂದದ್ದಿದು. ನಾ ಸೀದಾ ಅಲ್ಲಿಂದನ ತಂದೀನಿ!”

ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದು ಏನೆಂದು ನನಗೇ ಕೇಳಿಸಿತು. “ಅಂದ್ರ ಹೋಲ್‌ಸೇಲ್ ಮಾಲ ಅನ್ರಿ” ಎಂದರು ಮಾಸ್ತರರು. ಸಭೆ ಬಿದ್ದು ಬಿದ್ದು ನಕ್ಕಿತು. ಅವ್ವ ನಗಲಿಲ್ಲ. ತಾಳ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದಳು.

ಬಸ್ಸಿನಲ್ಲಿ ಸೊಲ್ಲಾಪುರ ಮುಟ್ಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಡುವೆ ಒಮ್ಮೆ ಮಾತ್ರ ಎದ್ದು ಮಂಡಳಿಯವರಿಗೆಲ್ಲ ಅವಲಕ್ಕಿ ಚೂಡಾ ಹಂಚಿದಳು, ನನ್ನನ್ನು ದಾಟಿ. ನಾಲ್ಕು ದಿನ ನನ್ನ ತಾಟು ಬಡಿಸಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನನಗೆ ನಾಚಿಕೆಗಿಂತ ಹೆಚ್ಚು ದುಃಖವಾಗಿತ್ತು. ಇಪ್ಪತ್ತು ವರ್ಷಕ್ಕೆ ಒಂದು ಆಸೆ, ಅದನ್ನೂ ಕದ್ದ ಮಾಲಿನಲ್ಲಿ ತೀರಿಸಲು ಹೋಗಿದ್ದೆ.

ಐದನೆಯ ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಪದವನ್ನು ಬೇರೆ ಧಾಟಿಯಲ್ಲಿ ಹಾಡಿದೆ. ಏರಬೇಕಾದಲ್ಲಿ ಧಾಟಿ ಇಳಿಯಿತು. ಇಳಿದದ್ದು ಮತ್ತೆ ಏಳಲೇ ಇಲ್ಲ. ಅವ್ವನ ಕೈ ನಿಂತಿತು.

“ಇದು ಯಾವ ದೇಶದವ್ರದು?”

“ಯಾರದೂ ಅಲ್ಲವ್ವಾ. ನಂದ.”

ಅವ್ವ ನನ್ನ ಮುಖವನ್ನೇ ನೋಡಿದಳು. “ಖರೇನ ನಿಂದ ಅದ. ಇಷ್ಟು ಕೆಟ್ಟದ್ದು ಬ್ಯಾರೆಯವ್ರು ಯಾಕ ಕಟ್ಟ್ಯಾರು?” ಎಂದಳು. ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ಇಳಿಸಿ, ಒಲೆ ಆರಿಸಿ, ಹಿಟ್ಟಿನ ಕೈ ಒರೆಸಿಕೊಂಡಳು.

“ಹ್ಞೂಂ, ಇನ್ನೊಮ್ಮಿ ಹಾಡು. ಸಾವಕಾಶ ಹಾಡು, ನಂಗ ಕಲೀಬೇಕಲ್ಲ.”