ವೇದಿಕೆಗೆ ಬೆನ್ನು ಹಾಕಿದಾಕೆಯ ತೀರ್ಪು

ಸೂರ್ಯ ಇನ್ನೂ ರೈಲು ಹಳಿಗಳ ಆಚೆ ಬದಿಯಲ್ಲೇ ಇದ್ದಾನೆ. ಹೊರಟೆ ಹೊರಟೆ ಎನ್ನುತ್ತಲೇ ಹೊಸ್ತಿಲಲ್ಲಿ ಮಾತಿಗೆ ನಿಂತ ನೆಂಟನ ಹಾಗೆ, ಮೇ ತಿಂಗಳಾದರೂ ವಿನ್ನಿಪೆಗ್ ಊರಿನ ಚಳಿ ಹೋಗಿಲ್ಲ. ಒಂದು ಕಾಲಕ್ಕೆ ಗೋಧಿಯ ಗೋದಾಮಾಗಿದ್ದು, ಈಗ ಬ್ಯಾಂಡುಗಳು ಬಂದು ಹಾಡುವ ಇಟ್ಟಿಗೆ ಕಟ್ಟಡದ ಮುಂದೆ ಜನ ಕಂಬಳಿ ಹೊದ್ದು ಸಾಲಾಗಿ ಕೂತಿದ್ದಾರೆ. ಬಾಗಿಲು ತೆರೆಯುವುದು ಸಂಜೆಗೆ.

"ಗ್ಲೌಸು ಬಿಚ್ಚು. ಕೈ ಕೊಡು. ಅಲ್ಲಾಡಿಸಬೇಡ, ಮೂರು ಹೋಗಿ ಎಂಟಾಗತ್ತೆ" ಎನ್ನುತ್ತ ಇಲ್ಲಿನ ಕಾವಲಿನಾಕೆ ವರ್ನಾ ಸಾವ್ಚುಕ್ ಒಬ್ಬೊಬ್ಬರ ಮುಂಗೈ ಮೇಲೂ ಕಪ್ಪು ಮಾರ್ಕರಿನಲ್ಲಿ ಅಂಕಿ ಬರೆಯುತ್ತ ಬರುತ್ತಾರೆ. ಬಂದ ಸರದಿಯ ಅಂಕಿ ಅದು. ಸಂಜೆ ವೇದಿಕೆಯ ಮುಂದಿನ ಕಬ್ಬಿಣದ ಕಟಕಟೆಗೆ ಯಾರು ಮೊದಲು ಆತು ನಿಲ್ಲಬೇಕು ಎನ್ನುವುದನ್ನು ಅದೇ ಹೇಳುತ್ತದೆ. ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಸಾಲು ಬಿಡಬಹುದು. ಅಂಕಿ ಅದಲುಬದಲು ಮಾಡಿಕೊಳ್ಳುವುದಕ್ಕೆ ಮಾತ್ರ ಸಾಕ್ಷಾತ್ ಹಾಡುಗಾರನೇ ಬಂದು ಕೇಳಿದರೂ ವರ್ನಾ ಒಪ್ಪುವವರಲ್ಲ.

"ಪಾದ್ರಿ ಕೂಡ ಇಷ್ಟು ಜನರ ಕೈ ಹಿಡಿದಿರಲ್ಲ ಬಿಡಿ" ಎಂದು ನಗುತ್ತಾರೆ.

ಸಂಜೆಯಾದರೆ ಅವರ ಜಾಗ ವೇದಿಕೆಗೂ ಕಟಕಟೆಗೂ ನಡುವಿನ ಸಂದಿ. ಬೆನ್ನು ಬ್ಯಾಂಡಿನ ಕಡೆ, ಮುಖ ಜನದ ಕಡೆ. ಮೂರ್ಛೆ ಹೋದವರನ್ನು ಕಟಕಟೆಯ ಮೇಲಿಂದ ಎತ್ತಿ ಈಚೆ ಇಳಿಸಬೇಕು. ಜನ ಮೇಲೆತ್ತಿ ಕೈಯಿಂದ ಕೈಗೆ ದಾಟಿಸಿದಂತೆ ತಲೆಗಳ ಮೇಲೆ ತೇಲಿಕೊಂಡು ಬರುವ ಹುಡುಗರನ್ನು ಮಕ್ಕಳಂತೆ ಹಿಡಿದುಕೊಳ್ಳಬೇಕು. ಕಾಗದದ ಲೋಟದಲ್ಲಿ ನೀರು ಕೊಡುತ್ತಲೇ ಇರಬೇಕು. ಒಂದು ಸಂಜೆಗೆ ನಾನೂರು ಐನೂರು ಲೋಟ, ಬಿಸಿಲುಗಾಲದಲ್ಲಿ ಅದರ ಎರಡರಷ್ಟು. ಇಪ್ಪತ್ತು ವರ್ಷ ಮೀರಿತು ಈ ಕೆಲಸಕ್ಕೆ. ಕೇಳಿದ ಬ್ಯಾಂಡುಗಳಿಗೆ ಲೆಕ್ಕವಿಲ್ಲ, ನೋಡಿದ್ದು ಒಂದೂ ಇಲ್ಲ.

"ಹಾಡೋರ ಬೂಟು ಗೊತ್ತು ನಂಗೆ. ಒಂದೊಂದು ಸಲ ಅವರ ಬೆವರು ನನ್ನ ಕುತ್ತಿಗೆ ಮೇಲೆ ಬೀಳತ್ತೆ. ಅಷ್ಟೇ ನಮ್ಮ ಪರಿಚಯ."

ವರ್ನಾ ಹುಟ್ಟಿದ್ದು ಉತ್ತರದ ಕಡೆ ಡಾಫಿನ್ ಹತ್ತಿರದ ಹೊಲಮನೆಯಲ್ಲಿ. ಹಾಲಿನ ಕ್ಯಾನು ಎತ್ತುವಷ್ಟು ತೋಳು ಬಂದ ಮೇಲೆ ಶಾಲೆ ನಿಂತಿತು. ಈ ಊರಿಗೆ ಬಂದು ಮೊಟ್ಟೆ ವಿಂಗಡಿಸುವ ಶೆಡ್ಡು ಸೇರಿದರು. ದೀಪದೆದುರು ಮೊಟ್ಟೆ ಹಿಡಿದು ಒಳಗೆ ಬಿರುಕಿದೆಯೋ ಇಲ್ಲವೋ ನೋಡುವ ಕೆಲಸ. ಇಲ್ಲಿ ಕಾವಲಿಗಿದ್ದ ಮೈದುನ ಒಂದು ದಿನ ಜ್ವರ ಬಂದು ಮಲಗಿದ. ಅವನ ಅಂಗಿ ತೊಟ್ಟು ಒಂದೇ ಸಂಜೆಗೆಂದು ಬಂದವರು ಇಲ್ಲೇ ಉಳಿದರು. "ಮೊಟ್ಟೆ ನೋಡಿ ನೋಡಿ ಕಣ್ಣು ಪಳಗಿತ್ತಲ್ಲ, ಮುಖನೂ ಹಾಗೇ. ಯಾರು ಬೀಳ್ತಾರೆ ಅಂತ ಬೀಳೋಕೆ ಮುಂಚೆನೇ ಗೊತ್ತಾಗತ್ತೆ."

ಸುಖದ ಕೆಲಸವೇನಲ್ಲ. ಎಡಗಿವಿ ಮಂದವಾಗಿದೆ. ಮೇಲಿಂದ ತೇಲಿ ಬಂದ ದಢೂತಿಯೊಬ್ಬ ಭುಜದ ಮೂಳೆ ಜಾರಿಸಿದ್ದಾನೆ. ಹಣೆಯ ಮೇಲೊಂದು ಬೂಟಿನ ಹಿಮ್ಮಡಿಯ ಗುರುತಿದೆ. ಆದರೆ ಕೇಳಿ ನೋಡಿದರೆ ಅವರು ತೋಡಿಕೊಳ್ಳುವುದು ಇವು ಯಾವುವನ್ನೂ ಅಲ್ಲ, ಓರೆಸ್ಟ್ ಡುಬಿಕ್ ಮತ್ತು ಲೈಲ್ ಡಿರೋಸಿಯೇ ಎಂಬ ಇಬ್ಬರ ಕಾಟವನ್ನು.

ಓರೆಸ್ಟ್ ಚಳಿಗೆ ಮನೆ ಬಿಸಿ ಮಾಡುವ ಕುಲುಮೆಗಳನ್ನು ರಿಪೇರಿ ಮಾಡುವವರು, ಲೈಲ್ ಸಿಟಿ ಬಸ್ಸಿನ ಚಾಲಕ. 'ರಸ್ಟಿ ಮ್ಯಾಗ್‌ಪೈ' ಬ್ಯಾಂಡ್ ಊರಿಗೆ ಬಂದಾಗಲೆಲ್ಲ ಇಬ್ಬರೂ ಲೈಲ್ ಅವರ ವ್ಯಾನಿನಲ್ಲಿ ಜೊತೆಯಾಗಿ ಬಂದು ಒಂದೇ ಕಂಬಳಿ ಹೊದ್ದು ಕೂರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಆ ಬ್ಯಾಂಡ್ ಇಲ್ಲಿ ಶುಕ್ರವಾರ ಒಂದು ರಾತ್ರಿ, ಶನಿವಾರ ಒಂದು ರಾತ್ರಿ ಹಾಡಿತು. ಶುಕ್ರವಾರದ್ದೇ ಶ್ರೇಷ್ಠ ಎಂದರು ಓರೆಸ್ಟ್. ಶನಿವಾರದ್ದರ ಮುಂದೆ ಅದು ಬರೀ ತಾಲೀಮು ಎಂದರು ಲೈಲ್. ಅಂದು ಬಿಟ್ಟ ಮಾತು ಇನ್ನೂ ಕೂಡಿಲ್ಲ. ಬೇರೆ ಬೇರೆ ಬರುತ್ತಾರೆ, ನಡುವೆ ಒಬ್ಬರನ್ನು ಗೋಡೆಯಂತೆ ನಿಲ್ಲಿಸಿಕೊಳ್ಳುತ್ತಾರೆ.

ಇವತ್ತು ಹಾಡುವುದೂ ಅದೇ ಬ್ಯಾಂಡು. ಓರೆಸ್ಟ್ ಅವರದ್ದು ಒಂದನೇ ಅಂಕಿ, ಲೈಲ್ ಅವರದ್ದು ಮೂರು. ನಡುವಿನ ಗೋಡೆ ಮಾರಿಸೆಲ್ ಎಂಬ ನರ್ಸಮ್ಮ.

"ಅವನಿಗೆ ಹೇಳಮ್ಮ, ಶುಕ್ರವಾರ ಹಾಡುಗಾರ ಅತ್ತುಬಿಟ್ಟಿದ್ದ ಅಂತ."

"ಇವನಿಗೆ ಹೇಳು, ಶನಿವಾರದ ಕೊನೇ ಹಾಡು ಕೇಳಿದ್ರೆ ಸತ್ತೋರೂ ಎದ್ದು ಕುಣೀತಿದ್ರು ಅಂತ."

"ಇಬ್ಬರಿಗೂ ಕಿವಿ ನೆಟ್ಟಗಿದೆಯಲ್ಲ?" ಮಾರಿಸೆಲ್ ರೇಗುತ್ತಾರೆ. "ನಾನು ಹಾಡು ಕೇಳೋಕೆ ಬಂದಿರೋದು, ಅಂಚೆ ಹಂಚೋಕಲ್ಲ."

ಮಾತು ಬೆಳೆದು ಸಾಲಿನಲ್ಲಿ ಶುಕ್ರವಾರದವರು, ಶನಿವಾರದವರು ಎಂದು ಎರಡು ಪಂಗಡವಾಗುತ್ತದೆ. ಕೊನೆಗೆ ಓರೆಸ್ಟ್ ಎದ್ದು ನಿಲ್ಲುತ್ತಾರೆ. "ಎರಡು ರಾತ್ರಿನೂ ಎದುರಿಗೇ ನಿಂತಿದ್ದೋಳು ವರ್ನಾ. ಅವಳೇ ತೀರ್ಪು ಹೇಳಲಿ. ಸೋತೋನು ಇನ್ನು ಜನ್ಮದಲ್ಲಿ ಈ ಸಾಲಿಗೆ ಬರಕೂಡದು."

"ಒಪ್ಪಿದೆ ಅಂತ ಹೇಳು ಆ ಮುದಿ ಗೂಬೆಗೆ" ಎನ್ನುತ್ತಾರೆ ಲೈಲ್.

ವರ್ನಾ ಅವರ ಕೈಯ ಮಾರ್ಕರ್ ಅಲ್ಲೇ ನಿಲ್ಲುತ್ತದೆ. ಇಬ್ಬರೂ ಹಟಕ್ಕೆ ಹುಟ್ಟಿದವರು. ಸೋತವರು ನಿಜವಾಗಿಯೂ ಬರುವುದಿಲ್ಲ. ಗೆದ್ದವರಾದರೂ ಬಂದು ಯಾರ ಜೊತೆ ಜಗಳವಾಡಬೇಕು? "ಅವರಿಬ್ಬರ ಮುಖ ನೋಡಿಕೊಂಡೇ ನನಗೆ ವಯಸ್ಸಾಯ್ತು. ಕಟಕಟೆಯಲ್ಲಿ ಒಂದು ಮುಖ ಇಲ್ಲದೇ ಇದ್ರೆ ಬಾಯಲ್ಲಿ ಮುಂದಿನ ಹಲ್ಲು ಬಿದ್ದಂಗೆ ಆಗತ್ತೆ" ಎಂದು ಮೆಲ್ಲಗೆ ಗೊಣಗುತ್ತಾರೆ. ಕಾಫಿ ಕುಡಿದು ಬಂದು ಹೇಳ್ತೀನಿ ಎಂದು ಅವರು ಪಕ್ಕದ ಬಾಗಿಲಿಗೆ ಹೋಗುತ್ತಾರೆ.

ಹಿಂದೆಯೇ ಡೋನಟ್ ಪೆಟ್ಟಿಗೆ ಹಿಡಿದು ಓರೆಸ್ಟ್ ಬರುತ್ತಾರೆ. "ಶುಕ್ರವಾರ ಅಂತ ಹೇಳಿಬಿಡು ತಾಯಿ. ಆಮೇಲೆ... ಆ ಇನ್ನೊಂದು ವಿಷಯ ಎತ್ತಬೇಡ."

ಅವರು ಅತ್ತ ಹೋದದ್ದೇ ತಡ, ಹೆಂಡತಿ ಮಾಡಿಕೊಟ್ಟ ಪೆರೋಗಿ ಕಡುಬಿನ ಡಬ್ಬಿ ಹಿಡಿದು ಲೈಲ್ ಬರುತ್ತಾರೆ. "ಶನಿವಾರ ಅಂತ ಹೇಳು ವರ್ನಾ. ಈರುಳ್ಳಿ ಜಾಸ್ತಿ ಹಾಕಿಸಿದ್ದೀನಿ. ಮತ್ತೆ ಆ ಹಳೇ ಸಂಗತಿ... ಅದು ನಮ್ಮಲ್ಲೇ ಇರಲಿ."

ಸಂಗತಿ ಇಷ್ಟು. ಶುಕ್ರವಾರ ಓರೆಸ್ಟ್ ಚಳಿಗಾಲದ ಉಣ್ಣೆಯ ಒಳಚಡ್ಡಿ ಬಿಚ್ಚದೆ ಒಳಗೆ ಬಂದಿದ್ದರು. ಎರಡನೇ ಹಾಡು ಮುಗಿಯುವುದರೊಳಗೆ ಸೆಕೆಗೆ ಕುಸಿದರು. ವರ್ನಾ ಎತ್ತಿ ಸಾಗಿಸಿದರು. ಉಳಿದ ರಾತ್ರಿಯೆಲ್ಲ ಅವರು ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಹಿಂದಿನ ಕೋಣೆಯ ಬೆಂಚಿನ ಮೇಲೆ ಮಲಗಿದ್ದರು. ಶನಿವಾರ ಲೈಲ್ ಮೊದಲ ಹಾಡಿಗೇ ಬಾಯಿ ಬಿಟ್ಟು ಕೂಗಿದ ರಭಸಕ್ಕೆ ಮೇಲಿನ ಹಲ್ಲುಸೆಟ್ಟು ಹಾರಿ ಬಿತ್ತು. ಬ್ಯಾಂಡು ಹಾಡಿದಷ್ಟು ಹೊತ್ತೂ ಅವರು ಜನರ ಕಾಲುಗಳ ನಡುವೆ ಅಂಬೆಗಾಲಿಟ್ಟು ಹುಡುಕುತ್ತಿದ್ದರು. ಕೊನೆಗೆ ಬಿಯರಿನ ಕೊಚ್ಚೆಯಲ್ಲಿ ಅದನ್ನು ಕಂಡು ತೊಳೆದುಕೊಟ್ಟವರು ವರ್ನಾ. ಎರಡು ರಾತ್ರಿಯೂ ನೂಕುನುಗ್ಗಲಲ್ಲಿ ಬೇರೆಬೇರೆಯಾಗಿದ್ದರಿಂದ ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದನ್ನು ಬರೆಯಲು ವರ್ನಾ ಒಪ್ಪಿದ್ದು ಕೂಡ, ಆ ಇಬ್ಬರೂ ಓದಲಾರದ ಭಾಷೆಯ ಪತ್ರಿಕೆ ಇದು ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ.

ವರ್ನಾ ಡೋನಟ್ಟನ್ನೂ ತಿನ್ನುತ್ತಾರೆ, ಕಡುಬನ್ನೂ ತಿನ್ನುತ್ತಾರೆ. ಬಾಯಿ ಒರೆಸಿಕೊಂಡು ಸಾಲಿನ ಮುಂದೆ ಬಂದು ನಿಲ್ಲುತ್ತಾರೆ.

"ಕೇಳಿ. ಎರಡು ರಾತ್ರಿನೂ ಕೆಟ್ಟದಾಗಿತ್ತು. ಶುಕ್ರವಾರ ತಗಡು ಬಡಿದ ಹಾಗಿತ್ತು. ಶನಿವಾರ ಅದೇ ತಗಡನ್ನ ಮಳೇಲಿ ನೆನೆಸಿ ಬಡಿದ ಹಾಗಿತ್ತು."

ಸಾಲಿನಲ್ಲಿದ್ದವರೆಲ್ಲ ಕಂಬಳಿ ಕೊಡವಿ ಎದ್ದು ನಿಲ್ಲುತ್ತಾರೆ. ಹಳಿಯ ಮೇಲೆ ಗೂಡ್ಸು ಗಾಡಿಯೊಂದು ಹೋಗುತ್ತದೆ.

"ತಗಡಾ?" ಓರೆಸ್ಟ್ ಅವರ ಮುಖ ಕೆಂಪೇರುತ್ತದೆ.

"ಬೆನ್ನು ತಿರುಗಿಸಿಕೊಂಡು ನಿಂತಿರೋಳಿಗೆ ಏನು ಗೊತ್ತಾಗತ್ತೆ, ಮಣ್ಣು!" ಎಂದು ಕೂಗುತ್ತಾರೆ ಲೈಲ್.

"ಅದನ್ನೇ ನಾನೂ ಹೇಳೋದು ಲೈಲ್!"

ಹನ್ನೊಂದು ವರ್ಷದ ಮೇಲೆ ಓರೆಸ್ಟ್ ಬಾಯಲ್ಲಿ ಆ ಹೆಸರು ಬಂದದ್ದು ಅವರಿಗೇ ಗೊತ್ತಾಗುವುದಿಲ್ಲ. "ನೀನು ಹೇಳ್ತಿದ್ದೆಯಲ್ಲ, ಶನಿವಾರದ ಆ ಕೊನೇ ಹಾಡು. ಅದು ತಗಡಂತೆ ಕಣೋ! ಊರೆಲ್ಲ ಹೊಗಳಿದ ಹಾಡು!"

"ಶುಕ್ರವಾರ ಹಾಡುಗಾರ ಅತ್ತಿದ್ದು ಸುಳ್ಳಾ ಹಾಗಾದ್ರೆ? ನೀನು ಕಣ್ಣಾರೆ ನೋಡಿದ್ದೀಯ."

"ಕಣ್ಣಾರೆ..." ಎಂದು ಓರೆಸ್ಟ್ ಒಮ್ಮೆ ವರ್ನಾ ಕಡೆ ನೋಡುತ್ತಾರೆ. ವರ್ನಾ ಆಕಾಶ ನೋಡುತ್ತಿದ್ದಾರೆ. "ಕಣ್ಣಾರೆ ಕಣೋ. ಇಷ್ಟಿಷ್ಟು ದಪ್ಪ ಕಣ್ಣೀರು."

"ಒಬ್ಬ ಒಳ್ಳೇ ಮನುಷ್ಯನ ಕಣ್ಣೀರಿಗೆ ತಗಡು ಅಂತಾಳಲ್ಲ!"

ಮಾರಿಸೆಲ್ ಎದ್ದು ಲೈಲ್ ಅವರ ಭುಜ ತಟ್ಟುತ್ತಾರೆ. "ಅಣ್ಣಾ, ನೀವು ಈ ಕಡೆ ಬನ್ನಿ. ನಾನು ಮೂರರಲ್ಲಿ ಕೂತು ಸ್ವಲ್ಪ ನಿದ್ದೆ ಮಾಡ್ತೀನಿ." ಕಣ್ಣೆದುರೇ ಅಂಕಿ ಅದಲುಬದಲಾಗುತ್ತಿದೆ. ಸರಿಯಾಗಿ ಅದೇ ಹೊತ್ತಿಗೆ ವರ್ನಾ ಅವರ ಬೂಟಿನ ದಾರ ಸಡಿಲವಾಗುತ್ತದೆ, ಕಟ್ಟಲು ಬಗ್ಗುತ್ತಾರೆ. ತುಂಬ ಹೊತ್ತು ಕಟ್ಟುತ್ತಾರೆ.

ಅಂದು ಸಂಜೆಯವರೆಗೆ ಆ ಇಬ್ಬರ ಬಾಯಿಗೆ ಬಿಡುವಿಲ್ಲ. ಶುಕ್ರವಾರವನ್ನು ಲೈಲ್ ಹೊಗಳುತ್ತಾರೆ, ಶನಿವಾರವನ್ನು ಓರೆಸ್ಟ್ ಹೊಗಳುತ್ತಾರೆ, ನಡುನಡುವೆ ಇಬ್ಬರೂ ಸೇರಿ ವರ್ನಾ ಅವರ ಕಿವಿ, ಬುದ್ಧಿ, ಹುಟ್ಟಿದ ಊರು ಮೂರನ್ನೂ ತೆಗಳುತ್ತಾರೆ. ಸಾಲೆಲ್ಲ ತಲೆದೂಗುತ್ತದೆ. ಎರಡು ಪಂಗಡಗಳೂ ಕಲೆತುಹೋಗಿ, ಶತ್ರು ಎಂದು ಉಳಿದವರು ಮಾರ್ಕರ್ ಹಿಡಿದ ಒಬ್ಬರೇ. ರಾತ್ರಿ ಬ್ಯಾಂಡು ಹಾಡುವಾಗ ವರ್ನಾ ನೀರಿನ ಲೋಟ ಚಾಚಿದರೆ ಇಬ್ಬರೂ ಒಟ್ಟಿಗೆ ಮುಖ ತಿರುಗಿಸುತ್ತಾರೆ. ಗಂಟಲು ಒಣಗಿ ಕೆಮ್ಮು ಬಂದರೂ ಮುಟ್ಟುವುದಿಲ್ಲ. ಲೈಲ್ ಮಾತ್ರ ಪ್ರತಿ ಹಾಡಿಗೂ ಬಾಯಿಗೆ ಕೈ ಅಡ್ಡ ಹಿಡಿದೇ ಕೂಗುತ್ತಾರೆ.

ಅಷ್ಟಕ್ಕೂ ಆ ಎರಡು ರಾತ್ರಿ ನಿಜವಾಗಿ ಹೇಗಿತ್ತು? ಜನವೆಲ್ಲ ಹೊರಗೆ ಹೋದ ಮೇಲೆ ವರ್ನಾ ಕಟಕಟೆಗೆ ಒರಗಿ ಮಂಡಿ ತಿಕ್ಕಿಕೊಳ್ಳುತ್ತಾರೆ. "ಎರಡೂ ಚೆನ್ನಾಗಿತ್ತು ಕಣ್ರೀ. ಮೈ ಜುಂ ಅನ್ನೋ ಹಾಗಿತ್ತು." ಯಾವುದು ಒಂದು ಗುಲಗಂಜಿ ಹೆಚ್ಚು ಎಂಬುದನ್ನೂ ಪಿಸುಗುಟ್ಟುತ್ತಾರೆ. ಅದನ್ನು ಮಾತ್ರ ಯಾವ ಭಾಷೆಯಲ್ಲೂ ಬರೆಯಕೂಡದು ಎಂದು ಆಣೆ ಹಾಕಿಸಿಕೊಳ್ಳುತ್ತಾರೆ.

ಸಂಗೀತದ ಗಂಧವಿಲ್ಲದವಳು ಎಂದು ಊರೆಲ್ಲ ಹೆಸರಾಯಿತಲ್ಲ, ಬೇಜಾರಿಲ್ಲವೇ ಎಂದರೆ ನಕ್ಕುಬಿಡುತ್ತಾರೆ. ಹೊರಗೆ ಲೈಲ್ ಅವರ ವ್ಯಾನು ಕೆಮ್ಮಿ ಶುರುವಾಗುತ್ತದೆ. ಪಕ್ಕದ ಸೀಟಿನಲ್ಲಿ ಓರೆಸ್ಟ್ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಾರೆ. ಬೈಗುಳವೇ ಇರಬೇಕು.

"ಇಷ್ಟು ವರ್ಷ ಒಬ್ಬೊಬ್ಬರೇ ಬಂದು ನನ್ನ ಹೊಗಳ್ತಿದ್ರು. ಇನ್ಮೇಲೆ ಜೊತೇಲಿ ಬಂದು ಬೈತಾರೆ" ಎನ್ನುತ್ತಾರೆ ವರ್ನಾ. "ಮುಂದಿನ ಸಲ ಬ್ಯಾಂಡು ಬರೋವರೆಗೂ ಆ ಸಿಟ್ಟು ಇಳೀದೇ ಇದ್ರೆ ಸಾಕಪ್ಪ. ದೇವರಲ್ಲಿ ಅದೊಂದೇ ಕೇಳ್ಕೊಳ್ಳೋದು."